ಕೂದಲೆಳೆಯಷ್ಟು ಹಿಗ್ಗುವ ಬೋಲ್ಟ್

ಕಾರವಾರದಿಂದ ಅಂಕೋಲೆಗೆ ಹೋಗುವ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಅವರ್ಸಾ ಇದೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಕೊಂಕಣ ರೈಲಿನ ಹಳಿ. ಇಲ್ಲಿ ಕಾರಿನ ಎಂಜಿನ್ನಿಗೆ ಹೊಗೆ ಸಾಗಿಸುವ ಹೆಡ್ಡರ್ ಕೂರಿಸುವವರು ಬಿಸಿಯ ಜೊತೆಗೆ ಉಪ್ಪುಗಾಳಿಯನ್ನೂ ಎದುರಿಸಬೇಕು. ಎರಡರ ಪೆಟ್ಟೂ ಬೀಳುವುದು ಎಂಟು ಮಿಲಿಮೀಟರ್ ದಪ್ಪದ ಕೆಲವೇ ಬೋಲ್ಟ್‌ಗಳ ಮೇಲೆ.

ಕಂಪನಿಯಿಂದ ಬರುವ ಎರಕದ ಮ್ಯಾನಿಫೋಲ್ಡ್‌ನಲ್ಲಿ ನಾಲ್ಕೂ ಸಿಲಿಂಡರಿನ ಹೊಗೆ ಬೇಗನೆ ಒಂದೆಡೆ ಸೇರಿ ಒಂದನ್ನೊಂದು ತಡೆಯುತ್ತದೆ. ಹೆಡ್ಡರ್‌ನಲ್ಲಿ ಪ್ರತಿ ಸಿಲಿಂಡರಿಗೂ ಉದ್ದನೆಯ ಪ್ರತ್ಯೇಕ ಕೊಳವೆ. 1-3-4-2 ಕ್ರಮದಲ್ಲಿ ಉರಿಯುವ ಎಂಜಿನ್ನಿನಲ್ಲಿ ಮೊದಲು 1 ಮತ್ತು 4ನ್ನು, 2 ಮತ್ತು 3ನ್ನು ಜೋಡಿಸಿ, ಆಮೇಲೆ ಎರಡನ್ನೂ ಒಂದಾಗಿಸುತ್ತಾರೆ. ಹೊಗೆಯ ಒಂದು ಅಲೆ ಹೊರಟ ಮೇಲೆ ಅದರ ಬೆನ್ನಿಗೆ ಒತ್ತಡ ತಗ್ಗುತ್ತದೆ. ಕೊಳವೆಯ ಉದ್ದ ಸರಿಹೊಂದಿದರೆ ಆ ತಗ್ಗು ಒತ್ತಡವೇ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಸೆಳೆದುಕೊಳ್ಳುತ್ತದೆ. ಲಾಭ ಇಷ್ಟೇ, ಆದರೆ ರ‍್ಯಾಲಿ ಓಡಿಸುವವರಿಗೆ ಇದು ಸಣ್ಣದಲ್ಲ.

ಈಗ ಬೋಲ್ಟಿನ ವಿಷಯ. ಬೋಲ್ಟ್ ಬಿಗಿಯುವಾಗ ನಾವು ಅದನ್ನು ಎಳೆದು ಉದ್ದ ಮಾಡುತ್ತಿರುತ್ತೇವೆ. ಎಂಟು ಮಿಲಿಮೀಟರಿನ ಬೋಲ್ಟನ್ನು 25 ನ್ಯೂಟನ್-ಮೀಟರ್ ತಿರುಗುಬಲದಲ್ಲಿ (ಟಾರ್ಕ್) ತಿರುಗಿಸಿದರೆ ಅದು ಸುಮಾರು ಒಂದೂವರೆ ಟನ್ ಒತ್ತಡದಲ್ಲಿ ಹೆಡ್ಡರಿನ ಅಂಚುಪಟ್ಟಿಯಾದ ಫ್ಲ್ಯಾಂಜನ್ನು ಹಿಡಿದುಕೊಳ್ಳುತ್ತದೆ. ಅಷ್ಟು ಒತ್ತಡ ಹುಟ್ಟಲು 20 ಮಿಲಿಮೀಟರ್ ಉದ್ದದ ಬೋಲ್ಟ್ ಹಿಗ್ಗುವುದು ಎಷ್ಟು? ಸುಮಾರು 0.04 ಮಿಲಿಮೀಟರ್, ಒಂದು ಕೂದಲೆಳೆಯ ದಪ್ಪ ಅಥವಾ ಇನ್ನೂ ಕಡಿಮೆ. ಈ ಲೆಕ್ಕ ಮಾಡಿದ ಮೇಲೆ ನನಗೆ ಬೋಲ್ಟಿನ ಬಗ್ಗೆ ಗೌರವ ಹೆಚ್ಚಿತು. ಫ್ಲ್ಯಾಂಜಿಗೂ ಎಂಜಿನ್ನಿಗೂ ನಡುವಿನ ಗ್ಯಾಸ್ಕೆಟ್ ಬಿಸಿಗೆ ಕುಗ್ಗಿ ಅಷ್ಟೇ ತೆಳುವಾದರೆ ಸಾಕು, ನಟ್ಟು ಒಂದು ಎಳೆಯೂ ತಿರುಗದೆ ಹಿಡಿತವೆಲ್ಲ ಹೋಗಿಬಿಡುತ್ತದೆ. ಆದ್ದರಿಂದಲೇ ಹೊಸ ಹೆಡ್ಡರ್ ಕೂರಿಸಿದವರು ಎಂಜಿನ್ ಪೂರ್ತಿ ಬಿಸಿ ಮಾಡಿ, ಪೂರ್ತಿ ಆರಲು ಬಿಟ್ಟು, ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿಯಬೇಕು. ಇದನ್ನು ಬಿಟ್ಟರೆ ಉಳಿದೆಲ್ಲ ಜಾಗ್ರತೆಯೂ ವ್ಯರ್ಥ.

ಅವರ್ಸಾದ ಪಕ್ಕದ ಹಳಿಯನ್ನು ಗಮನಿಸಿ. ಕಾಂಕ್ರೀಟ್ ಸ್ಲೀಪರಿಗೆ ಹಳಿಯನ್ನು ಹಿಡಿದಿರುವುದು ಬಾಗಿದ ಉಕ್ಕಿನ ಸ್ಪ್ರಿಂಗ್ ಕ್ಲಿಪ್. ಅದು ಮಿಲಿಮೀಟರ್‌ಗಟ್ಟಲೆ ಬಾಗಿರುವುದರಿಂದ ಹಳಿ ಸ್ವಲ್ಪ ಅದುರಿದರೂ ಹಿಡಿತ ಕಳೆದುಕೊಳ್ಳುವುದಿಲ್ಲ. ಗಿಡ್ಡ ಬೋಲ್ಟಿಗೆ ಆ ಅನುಕೂಲ ಇಲ್ಲ. ಬೋಲ್ಟ್ ಎರಡು ಪಟ್ಟು ಉದ್ದವಾದರೆ ಅದೇ ಬಿಗಿಗೆ ಎರಡು ಪಟ್ಟು ಹಿಗ್ಗುತ್ತದೆ, ಅಷ್ಟರಮಟ್ಟಿಗೆ ಗ್ಯಾಸ್ಕೆಟ್ ಕುಗ್ಗಿದರೂ ತಾಳಿಕೊಳ್ಳುತ್ತದೆ. ಹತ್ತಿರದ ಅರಬೈಲ್ ಘಟ್ಟ ಏರುವಾಗ ಕಾಯುವ, ಇಳಿಯುವಾಗ ಆರುವ ಲಾರಿ ಎಂಜಿನ್‌ಗಳಲ್ಲಿ ಹಲವಕ್ಕೆ ಮ್ಯಾನಿಫೋಲ್ಡ್ ಬೋಲ್ಟಿನ ತಲೆಯಡಿ ಉದ್ದನೆಯ ಬುಷ್ ತೊಡಿಸಿರುತ್ತಾರೆ. ಬೋಲ್ಟ್ ಉದ್ದವಾಗಲಿ ಎಂಬುದೇ ಅದರ ಉದ್ದೇಶ.

ಬಿಸಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. 40 ಸೆಂಟಿಮೀಟರ್ ಉದ್ದದ ಸ್ಟೇನ್‌ಲೆಸ್ ಫ್ಲ್ಯಾಂಜ್ 400 ಡಿಗ್ರಿ ಕಾದರೆ ಎರಡೂವರೆ ಮಿಲಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ನೀರಿನಿಂದ ತಂಪಾಗಿರುವ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬೆಳೆಯುವುದು ಅದರ ಕಾಲು ಭಾಗದಷ್ಟು. ಹಾಗಾಗಿ ಪ್ರತಿ ಸಲ ಎಂಜಿನ್ ಕಾದು ಆರುವಾಗ ಫ್ಲ್ಯಾಂಜ್ ಬೋಲ್ಟಿನ ಅಡಿಯಲ್ಲಿ ಅಡ್ಡಕ್ಕೆ ಜಾರುತ್ತದೆ. 1969ರಲ್ಲಿ ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ತೋರಿಸಿದ್ದು ಇದನ್ನೇ: ಬೋಲ್ಟನ್ನು ಬೇಗ ಸಡಿಲಿಸುವುದು ಅದರ ಉದ್ದಕ್ಕೆ ಎಳೆಯುವ ಅದುರುವಿಕೆಗಿಂತ ಅಡ್ಡಕ್ಕೆ ಜಾರಿಸುವ ಅದುರುವಿಕೆ. ಇಂಥ ಪರೀಕ್ಷೆಯಲ್ಲಿ, ನಾವೆಲ್ಲ ನಂಬಿದ ಸ್ಪ್ರಿಂಗ್ ವಾಷರ್ ಹೆಚ್ಚು ನೆರವಿಗೆ ಬರುವುದಿಲ್ಲ. ನೈಲಾನ್ ನಟ್ಟು ಈ ಬಿಸಿಗೆ ಕರಗುತ್ತದೆ, ಸಾಮಾನ್ಯ ಲಾಕಿಂಗ್ ಅಂಟು ಹಿಡಿತ ಬಿಡುತ್ತದೆ. ಪೂರ್ತಿ ಲೋಹದ ಲಾಕ್ ನಟ್ಟು ಅಥವಾ ಜೋಡಿ ಬೆಣೆ ವಾಷರ್ ನಂಬಬಹುದಾದವು. ಕೊನೆಯ ಬೋಲ್ಟ್‌ಗಳ ತೂತು ಸ್ವಲ್ಪ ದೊಡ್ಡದಿದ್ದರೆ ಜಾರಲು ಜಾಗ ಸಿಗುತ್ತದೆ.

ಕೂರಿಸುವಾಗ ಮೊದಲು ಎಲ್ಲ ಬೋಲ್ಟನ್ನೂ ಕೈಯಲ್ಲೇ ತಿರುಗಿಸಿ ಕೂರಿಸಬೇಕು. ಆಮೇಲೆ ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತದಲ್ಲಿ ಬಿಗಿಯಬೇಕು. ಪಾನಾದ ಬಲದಲ್ಲಿ ಹತ್ತನೇ ಒಂದು ಭಾಗ ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ, ಉಳಿದದ್ದು ಘರ್ಷಣೆಗೆ ಹೋಗುತ್ತದೆ. ಕರಾವಳಿಯಲ್ಲಿ ತುಕ್ಕು ಹಿಡಿದು ಬೋಲ್ಟ್ ಹೆಡ್ಡಿನೊಳಗೇ ಮುರಿಯದಿರಲು ಥ್ರೆಡ್ಡಿಗೆ ತಾಮ್ರದ ಗ್ರೀಸ್ ಹಚ್ಚುವುದು ಒಳ್ಳೆಯದೇ. ಆದರೆ ಗ್ರೀಸಿನಿಂದ ಘರ್ಷಣೆ ತಗ್ಗಿ ಅದೇ ಟಾರ್ಕಿಗೆ ಬೋಲ್ಟ್ ಹೆಚ್ಚು ಹಿಗ್ಗುತ್ತದೆ. ಟಾರ್ಕ್ ಇಳಿಸದಿದ್ದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಕಾರುಗಳಲ್ಲಿ ಸಾಮಾನ್ಯವಾಗಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮ್ಯಾನಿಫೋಲ್ಡಿಗೇ ಅಂಟಿಕೊಂಡಿರುತ್ತದೆ. ಅದನ್ನು ಕಿತ್ತು ಹೆಡ್ಡರ್ ಹಾಕಿದ ಕಾರು ರೇಸ್ ಟ್ರ್ಯಾಕಿಗೆ ಸೇರಿದ್ದು, ಹೆದ್ದಾರಿಗಲ್ಲ. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು ಬಂದು, ಕಾದ ಮೇಲೆ ನಿಂತರೆ ಗ್ಯಾಸ್ಕೆಟ್ ಬಳಿ ಹೊಗೆ ಸೋರುತ್ತಿದೆ ಎಂದು ಅನುಮಾನಿಸಿ. ಫ್ಲ್ಯಾಂಜಿನ ಅಂಚಿನಲ್ಲಿ ಕಪ್ಪು ಮಸಿ ಇದ್ದರೆ ಅನುಮಾನವೇ ಬೇಡ. ಆ ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆ ಇಲ್ಲ. ಸೋರಿಕೆ ಸರಿಹೋಗುವವರೆಗೆ ಗಾಜು ಏರಿಸಿ ಕಾರು ಓಡಿಸಬೇಡಿ.