ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿಗೆ ವಾರಂಟಿ ಇಲ್ಲವೇ?

ಬೆಂಗಳೂರಿನ ತಿಲಕ್ ನಗರದಲ್ಲಿ ಬೆಳಕು ಹರಿಯುವ ಮುಂಚೆ ಕಿವಿಗೆ ಬೀಳುವುದು ಡೀಸೆಲ್ ಗೂಡ್ಸ್ ಗಾಡಿಗಳ ಸದ್ದು. ಕಲಾಸಿಪಾಳ್ಯದಿಂದ ತರಕಾರಿ, ಕೆ.ಆರ್. ಮಾರುಕಟ್ಟೆಯಿಂದ ಹಣ್ಣು ಹೇರಿಕೊಂಡು ಬಂದು ಗುರಪ್ಪನಪಾಳ್ಯದವರೆಗಿನ ಗಲ್ಲಿಗಳಲ್ಲಿ ಹಂಚಿಹೋಗುತ್ತವೆ. ಓಡಿಸುವವರಲ್ಲಿ ಬಹಳ ಜನರದ್ದು ಒಂದೇ ಗಾಡಿ, ಅದೂ ಇನ್ನೊಬ್ಬರು ಎರಡು ಮೂರು ವರ್ಷ ಓಡಿಸಿ ಮಾರಿದ್ದು. ಕೊಂಡ ಕೆಲವೇ ತಿಂಗಳಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಗುರುತಿನ ಹಳದಿ ದೀಪ ಹತ್ತುತ್ತದೆ, ಪಿಕಪ್ ಬೀಳುತ್ತದೆ. ಗ್ಯಾರೇಜಿನವನು ಲ್ಯಾಪ್‌ಟಾಪ್ ಚುಚ್ಚಿ ನೋಡಿ ಸೆನ್ಸರ್, ಫಿಲ್ಟರ್, ಯೂರಿಯಾ ಪಂಪು ಎಂದು ಪಟ್ಟಿ ಒಪ್ಪಿಸುತ್ತಾನೆ. ವಾರಂಟಿ ಇದೆಯೇನೋ ಎಂದರೆ ಸಿಗುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ಸೆಕೆಂಡ್ ಓನರ್‌ಗೆ ಎಲ್ಲಿ ವಾರಂಟಿ ಭಾಯ್?"

ಈ ಮಾತನ್ನು ನಂಬಿ, ಕಂಪನಿ ಸರ್ವಿಸ್ ಸೆಂಟರಿನ ಬಾಗಿಲನ್ನೂ ತಟ್ಟದೆ ಸಾಲ ಮಾಡಿ ರಿಪೇರಿ ಮಾಡಿಸಿದವರನ್ನು ನೋಡಿ ನನಗೆ ಸಂಕಟವಾಗಿದೆ. ಅದಕ್ಕೇ ಈ ವಿಷಯವನ್ನು ಬಿಡಿಸಿ ಹೇಳಬೇಕೆನಿಸಿತು.

"ಕೈ ಬದಲಾದರೆ ವಾರಂಟಿ ಸತ್ತಂತೆ"

ಹಾಗೇನೂ ಇಲ್ಲ. ಹಾಗೆಂದು ವಾರಂಟಿ ತಾನಾಗಿಯೇ ಹೊಸ ಮಾಲೀಕನ ಹೆಸರಿಗೆ ಬಂದುಬಿಡುತ್ತದೆ ಎನ್ನುವುದೂ ತಪ್ಪು. ಅಮೆರಿಕದಲ್ಲಿ ಶುದ್ಧ ಗಾಳಿ ಕಾಯ್ದೆಯೇ ಹೊಗೆ ನಿಯಂತ್ರಣದ ವಾರಂಟಿಯನ್ನು ಮೊದಲ ಖರೀದಿದಾರನಿಗೂ ಅವನ ನಂತರ ಕೊಂಡ ಪ್ರತಿಯೊಬ್ಬರಿಗೂ ಕೊಡುತ್ತದೆ. ಅಲ್ಲಿನ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಎಂಜಿನ್ ಕಂಪ್ಯೂಟರಿಗೆ 8 ವರ್ಷ ಅಥವಾ 80,000 ಮೈಲಿ ಎಂದು ಕಾನೂನೇ ಗೊತ್ತುಮಾಡಿದೆ. ನಮ್ಮಲ್ಲಿ ಎಲ್ಲವೂ ನಿಂತಿರುವುದು ತಯಾರಕರು ಬರೆದುಕೊಟ್ಟ ವಾರಂಟಿ ಪುಸ್ತಕದ ಮೇಲೆ. ಕೆಲವರು ಉಳಿದ ಅವಧಿಯನ್ನು ಹೊಸ ಮಾಲೀಕನಿಗೆ ಒಪ್ಪುತ್ತಾರೆ, ಮಾಲೀಕತ್ವ ಬದಲಾದದ್ದನ್ನು ತಿಳಿಸಿದರೆ ಸಾಕು. ಇನ್ನು ಕೆಲವರ ಷರತ್ತಿನಲ್ಲಿ, ಮುಂಚಿತವಾಗಿ ಲಿಖಿತ ಒಪ್ಪಿಗೆ ಪಡೆಯದೆ ವಾಹನ ಪರಭಾರೆಯಾದರೆ ವಾರಂಟಿ ಕೊನೆಗೊಳ್ಳುತ್ತದೆ ಎಂಬ ಒಂದು ಸಾಲು ಅಡಗಿರುತ್ತದೆ. ಮೊದಲು ಕೊಂಡವನು ದುಡ್ಡು ತೆತ್ತು ಪಡೆದ ಹೆಚ್ಚುವರಿ ವಾರಂಟಿಗೆ ಬೇರೆಯೇ ಅರ್ಜಿ ಇರಬಹುದು.

ಆ ಒಂದು ಸಾಲನ್ನು ಗಾಡಿ ಕೊಂಡ ಮೇಲೆ ಓದಿದರೆ ಪ್ರಯೋಜನವಿಲ್ಲ, ಅಡ್ವಾನ್ಸ್ ಕೊಡುವ ಮುಂಚೆಯೇ ಓದಬೇಕು. ಪುಸ್ತಕ ಕಳೆದುಹೋಗಿದೆ ಎಂದು ಮಾರುವವನು ಹೇಳಿದರೆ ಚಾಸಿಸ್ ನಂಬರ್ ಹಿಡಿದು ಆ ಕಂಪನಿಯ ಯಾವುದೇ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ ಕೇಳಿ. ಗಾಡಿ ಯಾವತ್ತು ಮಾರಾಟವಾಯಿತು, ಎಷ್ಟು ಸರ್ವಿಸ್ ಆಗಿದೆ, ಪ್ರತಿ ಸಲ ಮೀಟರ್ ಎಷ್ಟಿತ್ತು ಎನ್ನುವುದು ಅವರ ದಾಖಲೆಯಲ್ಲಿ ಇರುತ್ತದೆ. ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಅದೂ ಅಲ್ಲೇ ಬಯಲಾಗುತ್ತದೆ.

ಆರ್‌ಸಿ ಹೆಸರು ಬದಲಾವಣೆಯನ್ನು ಮುಂದೂಡುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಕೊಂಡವನು 30 ದಿನದೊಳಗೆ ಅರ್ಜಿ ಹಾಕಬೇಕು. ಕೆಎ-05 ಗಾಡಿಯಾದರೆ ಅದು ಜಯನಗರ ಆರ್‌ಟಿಒ ಕೆಲಸ. ಆರ್‌ಸಿಯಲ್ಲಿ ಹಳೆಯವರ ಹೆಸರೇ ಇದ್ದರೆ ವಾರಂಟಿ ಕೇಳಲು ಹೋದ ನಿಮ್ಮನ್ನು ಸರ್ವಿಸ್ ಸೆಂಟರಿನವರು "ನೀವು ಯಾರು" ಎಂದು ಕೇಳಿದರೆ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

"ಎಮಿಷನ್ ಚೀಟಿ ಪೊಲೀಸರಿಗೆ ತೋರಿಸಲಿಕ್ಕೆ ಮಾತ್ರ"

ಜನ ಅತಿ ಹೆಚ್ಚು ಕಳೆದುಕೊಳ್ಳುವುದು ಈ ನಂಬಿಕೆಯಿಂದಲೇ. ಸಾಮಾನ್ಯ ವಾರಂಟಿಯ ಜೊತೆಗೆ ನಮ್ಮ ತಯಾರಕರ ಪುಸ್ತಕಗಳಲ್ಲಿ "ಎಮಿಷನ್ ವಾರಂಟಿ" ಎಂಬ ಬೇರೆಯದೇ ಪುಟ ಇರುತ್ತದೆ. ಕಾರುಗಳಿಗೆ ಸಾಮಾನ್ಯವಾಗಿ 3 ವರ್ಷ ಅಥವಾ 80,000 ಕಿಲೋಮೀಟರ್. ಗೂಡ್ಸ್ ಗಾಡಿಗೆ ಎಷ್ಟು ಎನ್ನುವುದು ಅದರದೇ ಪುಸ್ತಕದಲ್ಲಿ ಇರುತ್ತದೆ. ಅದರ ತಿರುಳು ಇಷ್ಟು: ಸರಿಯಾಗಿ ಸರ್ವಿಸ್ ಮಾಡಿಸಿಕೊಂಡು ಬಂದ ಗಾಡಿ, ರಸ್ತೆಯಲ್ಲಿರುವ ವಾಹನಗಳ ಹೊಗೆ ಪರೀಕ್ಷೆಯಲ್ಲಿ ಫೇಲಾದರೆ, ಅದಕ್ಕೆ ಕಾರಣವಾದ ಭಾಗವನ್ನು ಕಂಪನಿಯೇ ಸರಿಮಾಡಿಕೊಡುತ್ತದೆ.

ಆದರೆ ಅದನ್ನು ಕೇಳುವವನು ಕೈಯಲ್ಲಿ ಕಾಗದ ಹಿಡಿದು ಹೋಗಬೇಕು. ಸರ್ವಿಸ್ ಬಿಲ್ಲುಗಳು ಬೇಕು, ಅಧಿಕೃತ ಪರೀಕ್ಷಾ ಕೇಂದ್ರ ಫೇಲ್ ಎಂದು ಹೇಳಿದ್ದು ಬೇಕು, ಅದಕ್ಕಿಂತ ಹಿಂದಿನ ಅವಧಿಗೆ ಚಾಲ್ತಿಯಲ್ಲಿದ್ದ ಪಿಯುಸಿ ಪ್ರಮಾಣಪತ್ರವೂ, ಅಂದರೆ ಎಮಿಷನ್ ಚೀಟಿಯೂ ಬೇಕು. ಹೊಸ ವಾಹನಕ್ಕೆ ನೋಂದಣಿಯಾದ ಒಂದು ವರ್ಷದ ಮೇಲೆ ಪಿಯುಸಿ ಕಡ್ಡಾಯ. ಬಿಎಸ್-4, ಬಿಎಸ್-6 ಹೊಗೆ ನಿಯಮದ ಗಾಡಿಗಳಿಗೆ ಒಮ್ಮೆ ಮಾಡಿಸಿದರೆ ಒಂದು ವರ್ಷ ನಡೆಯುತ್ತದೆ. ಹಳೆಯ ಮಾಲೀಕ ಎಂಟು ತಿಂಗಳು ಎಮಿಷನ್ ಮಾಡಿಸದೆ ಓಡಿಸಿದ್ದರೆ, ಆ ಎಂಟು ತಿಂಗಳ ಖಾಲಿ ಜಾಗ ಗಾಡಿಯ ಜೊತೆ ನಿಮಗೆ ಬಂದಿರುತ್ತದೆ. ಆದ್ದರಿಂದ ಗಾಡಿ ಕೊಳ್ಳುವಾಗ ಇನ್ಶೂರೆನ್ಸ್, ಎಫ್‌ಸಿ ಕೇಳಿದಷ್ಟೇ ಗಟ್ಟಿಯಾಗಿ ಹಳೆಯ ಎಮಿಷನ್ ಚೀಟಿಗಳನ್ನೂ ಸರ್ವಿಸ್ ಬಿಲ್ಲುಗಳನ್ನೂ ಕೇಳಿ ಪಡೆಯಿರಿ.

ಗಾಡಿ ಫೇಲಾಗುತ್ತದೆ ಎಂದು ಗೊತ್ತಾದಾಗ "ನೂರಿನ್ನೂರು ಜಾಸ್ತಿ ಕೊಟ್ಟು ಪಾಸ್ ಮಾಡಿಸು" ಎನ್ನುವವರು ಇರುತ್ತಾರೆ. ಫೇಲ್ ಆದ ವರದಿಯೇ ನಿಮ್ಮ ಹಕ್ಕಿನ ಆಧಾರ. ಸುಳ್ಳು ಪಾಸ್ ಚೀಟಿ ಪಡೆದ ದಿನ ಅದನ್ನು ನಿಮ್ಮ ಕೈಯಾರೆ ಹರಿದುಹಾಕಿದ ಹಾಗೆ.

ಇದರ ಬೆನ್ನಿಗೇ ಇನ್ನೊಂದು ತಪ್ಪು ತಿಳಿವಳಿಕೆ ಇದೆ: ಪರೀಕ್ಷೆ ಪಾಸಾಯಿತು, ಹಾಗಾದರೆ ಹೊಗೆಯ ವ್ಯವಸ್ಥೆಯೆಲ್ಲ ಸರಿಯಾಗಿದೆ ಎಂದು. ಡೀಸೆಲ್ ಗಾಡಿಯ ಪಿಯುಸಿ ಪರೀಕ್ಷೆ ಅಳೆಯುವುದು ಹೊಗೆಯ ದಟ್ಟತೆಯನ್ನು ಮಾತ್ರ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ, ಹೊಗೆಯ ಮೂಲಕ ಬೆಳಕು ಎಷ್ಟು ಹಾಯುತ್ತದೆ ಎಂದು ನೋಡುತ್ತಾರೆ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳನ್ನು ಆ ಯಂತ್ರ ಹಿಡಿಯುವುದಿಲ್ಲ. ಸೆನ್ಸರ್ ಕೆಟ್ಟಿದ್ದರೂ ಪಿಯುಸಿ ಪಾಸಾಗಬಹುದು. ಹಾಗಾಗಿ ದೀಪ ಹತ್ತಿದರೆ ಚೀಟಿ ಇದೆ ಎಂದು ಸುಮ್ಮನೆ ಓಡಿಸಬೇಡಿ, ವಾರಂಟಿ ಅವಧಿಯೊಳಗೇ ಜಾಬ್ ಕಾರ್ಡ್ ತೆರೆಸಿ ದೂರು ಬರೆಸಿ. ಅವಧಿ ಮುಗಿಯುವ ಮುಂಚೆ ಬರೆಸಿದ ದೂರಿನ ತಾರೀಖು ಮುಂದೆ ಕೆಲಸಕ್ಕೆ ಬರುತ್ತದೆ.

"ಬಿಎಸ್-6 ಅಂದರೆ ಏಳು ಲಕ್ಷ ಕಿಲೋಮೀಟರ್ ಗ್ಯಾರಂಟಿ"

ಮಾರಾಟದ ಮಾತಿನಲ್ಲಿ ಹುಟ್ಟಿದ ಗೊಂದಲ ಇದು. ಬಿಎಸ್-6 ನಿಯಮದಲ್ಲಿ ಬಾಳಿಕೆಯ ಅವಧಿ ಎಂಬುದೊಂದಿದೆ. 16 ಟನ್ ಮೀರಿದ ಲಾರಿಗೆ 7 ಲಕ್ಷ ಕಿಲೋಮೀಟರ್ ಅಥವಾ 7 ವರ್ಷ, ಚಿಕ್ಕ ಗೂಡ್ಸ್ ಗಾಡಿಗೆ 1.6 ಲಕ್ಷ ಕಿಲೋಮೀಟರ್. ಅದು ತಯಾರಕರು ಹೊಸ ಮಾದರಿಗೆ ಸರ್ಕಾರದ ಅನುಮೋದನೆ ಪಡೆಯುವಾಗ ಸಾಬೀತು ಮಾಡಬೇಕಾದ ಅಳತೆ. ಅಷ್ಟು ದೂರದವರೆಗೆ ನಿಮಗೆ ಪುಕ್ಕಟೆ ರಿಪೇರಿ ಎಂದು ಅದರ ಅರ್ಥವಲ್ಲ.

"ಹೊಗೆಗೆ ಸಂಬಂಧಿಸಿದ್ದೆಲ್ಲ ವಾರಂಟಿಯಲ್ಲಿ ಬರುತ್ತದೆ"

2020ರ ಏಪ್ರಿಲ್ 1ರಿಂದ ಬಿಎಸ್-6 ಬಂದಾಗ ಡೀಸೆಲ್‌ನಲ್ಲಿ ಗಂಧಕ 50ರಿಂದ 10 ಪಿಪಿಎಂಗೆ ಇಳಿಯಿತು, ಸೈಲೆನ್ಸರಿನ ದಾರಿಯಲ್ಲಿ ಒಂದು ಸಣ್ಣ ಕಾರ್ಖಾನೆಯೇ ಬಂದು ಕೂತಿತು. ಮಸಿಯನ್ನು ಹಿಡಿದಿಡುವ ಡಿಪಿಎಫ್ ಫಿಲ್ಟರ್, ದೊಡ್ಡ ಗಾಡಿಗಳಲ್ಲಿ ಅದರ ಮುಂದೆ ಯೂರಿಯಾ ದ್ರಾವಣ ಚಿಮುಕಿಸಿ ನೈಟ್ರೋಜನ್ ಆಕ್ಸೈಡನ್ನು ನೀರು, ನೈಟ್ರೋಜನ್ ಆಗಿ ಒಡೆಯುವ ಎಸ್‌ಸಿಆರ್, ಇವೆರಡರ ಮೇಲೆ ಕಣ್ಣಿಟ್ಟಿರುವ ಸೆನ್ಸರುಗಳು.

ಡಿಪಿಎಫ್ ತುಂಬಿಕೊಂಡ ಮಸಿಯನ್ನು ಸುಟ್ಟು ತಾನೇ ಶುಚಿಯಾಗಬೇಕಾದರೆ ಹೊಗೆಯ ಬಿಸಿ ಸುಮಾರು 550ರಿಂದ 600 ಡಿಗ್ರಿ ಮುಟ್ಟಬೇಕು. ತುಮಕೂರು ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವ ಲಾರಿಗೆ ಅದು ಸಲೀಸು. ಮಾರುಕಟ್ಟೆಯಿಂದ ತಿಲಕ್ ನಗರಕ್ಕೆ, ಜಯದೇವ ಜಂಕ್ಷನ್ನಿನ ಸಿಗ್ನಲ್‌ನಲ್ಲಿ ನಿಂತು, ಗಲ್ಲಿ ಗಲ್ಲಿಯಲ್ಲಿ ಆಫ್ ಮಾಡಿ ಸ್ಟಾರ್ಟ್ ಮಾಡುವ ಗಾಡಿಗೆ ಆ ಬಿಸಿ ಬರುವುದೇ ಅಪರೂಪ. ಮಸಿ ಕಟ್ಟಿಕೊಂಡು ದೀಪ ಹತ್ತುತ್ತದೆ. ಕಂಪನಿಯವರು ಇದನ್ನು ಬಳಕೆಯ ತೊಂದರೆ ಎನ್ನುತ್ತಾರೆ, ವಾರಂಟಿಯಲ್ಲಿ ಸೇರಿಸುವುದಿಲ್ಲ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಏನೆಂದರೆ, ಒತ್ತಡ ಅಳೆಯುವ ಸೆನ್ಸರ್ ಕೆಟ್ಟಿದ್ದರೂ, ಇಂಜೆಕ್ಟರ್ ಸೋರುತ್ತಿದ್ದರೂ ಫಿಲ್ಟರ್ ಇದೇ ರೀತಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ "ಫಿಲ್ಟರ್ ಬ್ಲಾಕ್" ಎಂಬ ಎರಡು ಪದಕ್ಕೆ ತೃಪ್ತರಾಗದೆ, ಯಾಕೆ ಬ್ಲಾಕ್ ಆಯಿತು ಎಂದು ಬರವಣಿಗೆಯಲ್ಲಿ ಕೇಳಿ. ಸ್ಕ್ಯಾನರಿನಲ್ಲಿ ಬಂದ ಫಾಲ್ಟ್ ಕೋಡುಗಳನ್ನು ಜಾಬ್ ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರ್ ದೀಪ ಬಂದ ದಿನ ಮಾತ್ರ ಅರ್ಧ ತಾಸು ನೈಸ್ ರಸ್ತೆಯಲ್ಲಿ ಎಳೆದು ಬರುವುದು ನಿಮ್ಮ ಜವಾಬ್ದಾರಿಯೇ.

ಯೂರಿಯಾ ವಿಷಯದಲ್ಲಿ ಮಾತ್ರ ಕಂಪನಿಯ ಕಡೆಗೇ ನ್ಯಾಯವಿದೆ. ಟ್ಯಾಂಕಿಗೆ ಹಾಕುವುದು ಶುದ್ಧೀಕರಿಸಿದ ನೀರಿನಲ್ಲಿ ಶೇ. 32.5 ಯೂರಿಯಾ ಇರುವ ದ್ರಾವಣ. ಗೊಬ್ಬರದ ಚೀಲ ತಂದು ನಲ್ಲಿ ನೀರಿಗೆ ಕದಡಿ ಸುರಿಯುವವರು ಇದ್ದಾರೆ. 2015ರಿಂದ ದೇಶದಲ್ಲಿ ತಯಾರಾಗುವ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಗಿದೆ. ಆ ಎಣ್ಣೆ, ನೀರಿನ ಲವಣ ಎರಡೂ ಸೇರಿ ನಳಿಗೆಯನ್ನೂ ಕ್ಯಾಟಲಿಸ್ಟನ್ನೂ ಹಾಳುಮಾಡುತ್ತವೆ. ರೈತನ ಸಬ್ಸಿಡಿ ಗೊಬ್ಬರವನ್ನು ಗಾಡಿಗೆ ಸುರಿಯುವುದು ಬೇರೆ ಅಪರಾಧ. ಒಳ್ಳೆಯ ಕ್ಯಾನ್ ಕೊಂಡು ಬಿಲ್ಲು ಇಟ್ಟುಕೊಳ್ಳಿ.

"ಕಿತ್ತುಹಾಕಿದರೆ ತಲೆನೋವೇ ಇರುವುದಿಲ್ಲ"

ಡಿಪಿಎಫ್ ಕತ್ತರಿಸಿ ಪೈಪ್ ಹಾಕಿಸುವುದು, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ಮುಚ್ಚಿಸುವುದು, ಸಾಫ್ಟ್‌ವೇರಿನಲ್ಲಿ ದೀಪ ಆರಿಸಿಬಿಡುವುದು ಸುಲಭದ ದಾರಿಯಾಗಿ ಕಾಣುತ್ತದೆ. ಆವತ್ತಿಗೆ ವಾರಂಟಿ ಮುಗಿಯಿತು. ತಯಾರಕರ ವಿವರಣೆಗೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ತಿದ್ದುಪಡಿಯ 182ಎ ಪ್ರಕಾರ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಹಳೆಯ ಮಾಲೀಕ ಇದನ್ನು ಮಾಡಿಸಿ ಮಾರಿದ್ದರೆ ಭಾರ ನಿಮ್ಮ ತಲೆಗೆ. ಕೊಳ್ಳುವ ಮುಂಚೆ ಗಾಡಿಯನ್ನು ಪಿಟ್ಟಿನ ಮೇಲೆ ನಿಲ್ಲಿಸಿ ಫಿಲ್ಟರ್ ಡಬ್ಬಿಯ ಮೇಲೆ ಹೊಸ ವೆಲ್ಡಿಂಗ್ ಇದೆಯೇ ಎಂದು ನೋಡಿಸಿ.

ಕಾನೂನಿನ ಮಾತು ಹಾಗಿರಲಿ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಖಚಿತವಾಗಿ ಹೇಳಿದೆ. ತಿಲಕ್ ನಗರದ ಗಲ್ಲಿಗಳಲ್ಲಿ ಮನೆಯ ಕಿಟಕಿಗೂ ಗಾಡಿಯ ಸೈಲೆನ್ಸರಿಗೂ ಎರಡು ಮೂರು ಅಡಿ ಅಂತರ. ಆ ಹೊಗೆ ಕುಡಿಯುವುದು ಗಾಡಿ ಮಾಲೀಕನ ಮಕ್ಕಳೇ.

"ಹೊರಗಿನ ಗ್ಯಾರೇಜಿಗೆ ಹೋದರೆ ಎಲ್ಲ ಹೋಯಿತು"

2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ತಯಾರಕರ ಮೇಲೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎನ್ನುವ ಷರತ್ತು ಸಲ್ಲದು, ಆ ರಿಪೇರಿಯ ದೋಷದಿಂದ ಆದ ಹಾನಿಯಷ್ಟನ್ನೇ ಹೊರಗಿಡಬಹುದು ಎಂಬುದು ಅದರ ನಿಲುವು. ಆ ಆದೇಶ ಕಾರುಗಳ ಕುರಿತದ್ದು, ಮೇಲ್ಮನವಿಗಳೂ ನಡೆದಿವೆ. ಹಾಗಾಗಿ ಅದನ್ನು ನೆಚ್ಚಿ ನಿಗದಿತ ಸರ್ವಿಸ್ ಬಿಡಬೇಡಿ. ಪಂಕ್ಚರ್, ಬ್ಯಾಟರಿ, ಬಾಡಿ ಕೆಲಸ ಹೊರಗೆ ಮಾಡಿಸಿದ್ದಕ್ಕೆ ಸೆನ್ಸರಿನ ವಾರಂಟಿ ನಿರಾಕರಿಸಿದರೆ ಮಾತ್ರ ಒಪ್ಪಬೇಡಿ.

ವಾರಂಟಿಯ ಹೊರತಾಗಿ ಇನ್ನೊಂದು ದಾರಿಯೂ ಇದೆ: ಒಂದು ಮಾದರಿಯ ಗಾಡಿಗಳಲ್ಲೆಲ್ಲ ಒಂದೇ ದೋಷವಿದ್ದರೆ ಕಂಪನಿ ಅವನ್ನು ವಾಪಸು ಕರೆದು ಸರಿಪಡಿಸುವ ರೀಕಾಲ್. ಹೊಗೆ ಪರೀಕ್ಷೆಯ ಸಾಫ್ಟ್‌ವೇರ್ ವಂಚನೆ ಬಯಲಾದ 2015ರಲ್ಲಿ ಫೋಕ್ಸ್‌ವ್ಯಾಗನ್ ಭಾರತದಲ್ಲಿ 3.23 ಲಕ್ಷ ಡೀಸೆಲ್ ವಾಹನಗಳನ್ನು ಸರಿಪಡಿಸಲು ವಾಪಸು ಕರೆಯಿತು. ಈಗ ಮೋಟಾರು ವಾಹನ ಕಾಯ್ದೆಯ 110ಎ ಸೆಕ್ಷನ್ ಪ್ರಕಾರ ಪರಿಸರಕ್ಕೆ ಹಾನಿ ಮಾಡುವ ದೋಷಕ್ಕೂ ಸರ್ಕಾರ ರೀಕಾಲ್ ಆದೇಶಿಸಬಹುದು. ರೀಕಾಲ್ ನಡೆಯುವುದು ಚಾಸಿಸ್ ನಂಬರಿನ ಮೇಲೆ. ಸರ್ವಿಸ್ ಸೆಂಟರಿಗೆ ಹೋದಾಗ ಇದನ್ನೂ ವಿಚಾರಿಸಿ.

"ವ್ಯಾಪಾರದ ಗಾಡಿ, ಗ್ರಾಹಕ ನ್ಯಾಯಾಲಯದಲ್ಲಿ ಕೇಸು ನಿಲ್ಲುವುದಿಲ್ಲ"

ಲಾರಿಯವರು ಕೈಚೆಲ್ಲಿ ಕೂರುವುದು ಇಲ್ಲಿ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂಬುದು ಕಾನೂನಿನಲ್ಲಿ ಇದೆ, ನಿಜ. ಅದರ ಕೆಳಗೇ ಒಂದು ವಿವರಣೆಯೂ ಇದೆ: ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡಿಗಾಗಿಯೇ ಬಳಸುವವನದು ವಾಣಿಜ್ಯ ಉದ್ದೇಶವಲ್ಲ. 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉದಾಹರಣೆ ಕೊಡುವಾಗ, ಬಾಡಿಗೆಗೆ ತಾನೇ ಓಡಿಸಲು ಆಟೊ ಕೊಂಡವನನ್ನೂ, ತಾನೇ ಓಡಿಸಲು ಲಾರಿ ಕೊಂಡವನನ್ನೂ ಗ್ರಾಹಕ ಎಂದೇ ಹೆಸರಿಸಿದೆ. ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ. ಹತ್ತು ಲಾರಿ ಇಟ್ಟು ಚಾಲಕರಿಂದ ಓಡಿಸುವವನ ವಿಷಯ ಬೇರೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೆ ಮುಂಚೆ 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ವಾರಂಟಿ ನಿಮ್ಮ ಹೆಸರಿಗೆ ವರ್ಗವಾದ ಪತ್ರ ಇದ್ದರೆ ತಯಾರಕರ ವಿರುದ್ಧದ ದೂರಿಗೆ ಬಲ ಬರುತ್ತದೆ.

ಗಾಡಿ ನೋಡಲು ಹೋಗುವ ದಿನ ಮೆಕ್ಯಾನಿಕ್ ಅಣ್ಣನನ್ನು ಕರೆದುಕೊಂಡು ಹೋಗುತ್ತೀರಲ್ಲ, ಅದೇ ದಿನ ವಾರಂಟಿ ಪುಸ್ತಕ, ಸರ್ವಿಸ್ ಬಿಲ್ಲು, ಹಳೆಯ ಎಮಿಷನ್ ಚೀಟಿ ಮೂರನ್ನೂ ಕೈಗೆ ತೆಗೆದುಕೊಂಡು ಓದಿ. ಕನ್ನಡದಲ್ಲಿ ಇಲ್ಲದಿದ್ದರೆ ಓದು ಬಲ್ಲ ಮಗಳ ಕೈಲಿ, ಪಕ್ಕದ ಮನೆಯ ಹುಡುಗನ ಕೈಲಿ ಓದಿಸಿ. ಅವು ಇಲ್ಲದ ಗಾಡಿಗೆ ಇರುವ ಗಾಡಿಯ ಬೆಲೆ ಕೊಡಬೇಡಿ.