ಮಿದುಳಿನ ಅಲೆ ಹಿಡಿಯುವವರು

ತರಗತಿಯಲ್ಲಿ ಬರೆಯುತ್ತ ಕುಳಿತ ಎಂಟು ವರ್ಷದ ಹುಡುಗಿಯೊಬ್ಬಳ ಪೆನ್ಸಿಲು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ನೋಟ ಒಂದೆಡೆ ನೆಟ್ಟುಬಿಡುತ್ತದೆ. ಹತ್ತು ಸೆಕೆಂಡು ಕಳೆಯುವುದರೊಳಗೆ ಏನೂ ಆಗದವಳಂತೆ ಮತ್ತೆ ಬರೆಯುತ್ತಾಳೆ. ನಡುವೆ ಮೇಷ್ಟ್ರು ಹೇಳಿದ ಸಾಲು ಮಾತ್ರ ಅವಳಿಗೆ ಗೊತ್ತೇ ಇಲ್ಲ. ದಿನಕ್ಕೆ ಹತ್ತಾರು ಸಲ ಹೀಗಾದರೆ ಶಾಲೆಯಲ್ಲಿ 'ಗಮನ ಸಾಲದು' ಎಂಬ ಷರಾ, ಮನೆಯಲ್ಲಿ ಬೈಗಳು. ಇದು ಮಕ್ಕಳಲ್ಲಿ ಕಾಣುವ, ಬೀಳುವಿಕೆಯಿಲ್ಲದ ಒಂದು ಬಗೆಯ ಮೂರ್ಛೆರೋಗವಾಗಿರಬಹುದು ಎಂಬ ಯೋಚನೆ ಎಷ್ಟು ಜನರಿಗೆ ಬರುತ್ತದೆ?

ಹೌದೋ ಅಲ್ಲವೋ ಎಂಬುದನ್ನು ತಿಳಿಯಲು ವೈದ್ಯರು ಬರೆದುಕೊಡುವ ಮುಖ್ಯ ಪರೀಕ್ಷೆ ಇಇಜಿ. ಚೀಟಿ ಹಿಡಿದು ಹೋದರೆ ಮಗುವಿನ ತಲೆಗೆ ತಂತಿ ಕೂರಿಸುವವರು ವೈದ್ಯರಲ್ಲ, ದಾದಿಯೂ ಅಲ್ಲ. ಅವರು ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ತಂತ್ರಜ್ಞರು. ಡಾಕ್ಟರು, ಎಂಜಿನಿಯರು ಎಂಬ ಎರಡೇ ದಾರಿಯನ್ನು ನೋಡುತ್ತಿರುವ ನಮ್ಮ ಪಿಯುಸಿ ವಿದ್ಯಾರ್ಥಿಗಳು ಈ ಕೆಲಸದ ಹೆಸರನ್ನೇ ಕೇಳಿರುವುದು ಅಪರೂಪ.

ಮಿದುಳಿನ ಜೀವಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವಾಗ ಅತಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ನೆತ್ತಿಯ ಚರ್ಮದ ಮೇಲೆ ಅದು ಸಿಗುವುದು ಸುಮಾರು 10ರಿಂದ 100 ಮೈಕ್ರೋವೋಲ್ಟ್ ಮಾತ್ರ. ಟಾರ್ಚಿನ ಒಂದು ಸೆಲ್ಲಿನ ಒಂದೂವರೆ ವೋಲ್ಟನ್ನು ಮೂವತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲು 50 ಮೈಕ್ರೋವೋಲ್ಟ್. ಮನುಷ್ಯನಲ್ಲಿ ಇದನ್ನು 1924ರಲ್ಲಿ ಮೊದಲು ದಾಖಲಿಸಿದವರು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ಐದು ವರ್ಷ ಕಾದು 1929ರಲ್ಲಿ ಪ್ರಕಟಿಸಿದರೂ ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನೇ ಮಾಡಿ ತೋರಿಸಿದ ಮೇಲೆ ಲೋಕ ಒಪ್ಪಿತು.

ಇಷ್ಟು ಸಣ್ಣ ವಿದ್ಯುತ್ತಿಗೆ ಮೊದಲ ಶತ್ರು ತಲೆಗೆ ಹಾಕಿದ ಕೊಬ್ಬರಿ ಎಣ್ಣೆ! ಹಿಂದಿನ ದಿನವೇ ತಲೆ ತೊಳೆದು, ಎಣ್ಣೆ ಹಚ್ಚದೆ ಬನ್ನಿ ಎಂದು ಹೇಳುವುದು ಅದಕ್ಕೇ. ತಂತ್ರಜ್ಞರು ಮೂಗಿನ ಬುಡದಿಂದ ತಲೆಯ ಹಿಂಬದಿಯ ಉಬ್ಬುಮೂಳೆಯವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಟೇಪು ಹಿಡಿದು ಅಳೆಯುತ್ತಾರೆ. ಆ ಅಳತೆಯ ಶೇ 10 ಮತ್ತು ಶೇ 20ರ ಅಂತರದಲ್ಲಿ ಗುರುತು ಹಾಕಿ, ಚರ್ಮವನ್ನು ಮೆಲ್ಲಗೆ ಉಜ್ಜಿ, ವಿದ್ಯುತ್ ಹರಿಯುವ ಪೇಸ್ಟು ಹಚ್ಚಿ 21 ಎಲೆಕ್ಟ್ರೋಡುಗಳನ್ನು ಕೂರಿಸುತ್ತಾರೆ. ತಲೆ ಸಣ್ಣದಿರಲಿ ದೊಡ್ಡದಿರಲಿ, ಜಾಗ ತಪ್ಪುವುದಿಲ್ಲ. ಜಗತ್ತಿನ ಎಲ್ಲ ಆಸ್ಪತ್ರೆಗಳಿಗೂ ಇದೇ ಕ್ರಮ.

ಕಣ್ಣು ಮುಚ್ಚಿ ಸುಮ್ಮನೆ ಮಲಗಿದ ದೊಡ್ಡವರಲ್ಲಿ ಹಿಂದಲೆಯಿಂದ ಸೆಕೆಂಡಿಗೆ 8ರಿಂದ 13ರಷ್ಟು ಆಲ್ಫಾ ಅಲೆಗಳು ಬರುತ್ತವೆ. ಕಣ್ಣು ತೆರೆದರೆ ಅಡಗುತ್ತವೆ. ಆಮೇಲೆ ಮೂರು ನಿಮಿಷ ಜೋರಾಗಿ ಉಸಿರಾಡಿಸುತ್ತಾರೆ (ಹೃದಯ, ಶ್ವಾಸಕೋಶದ ತೊಂದರೆ ಇದ್ದವರಿಗೆ ಇದನ್ನು ಮಾಡಿಸುವುದಿಲ್ಲ). ಚಿಕ್ಕ ಮಕ್ಕಳ ಮುಂದೆ ಕಾಗದದ ಗಿರಗಿಟ್ಟೆ ಹಿಡಿದು 'ಊದು ಪುಟ್ಟಿ, ನಿಲ್ಲಿಸಬೇಡ' ಎಂದರೆ ಕೆಲಸ ಸಲೀಸು. ಮೇಲೆ ಹೇಳಿದಂಥ ಹುಡುಗಿಗೆ ನಿಜವಾಗಿ ಆ ರೋಗವಿದ್ದರೆ ಬಹಳ ಸಲ ಊದುತ್ತಿರುವಾಗಲೇ ನೋಟ ನಿಂತುಬಿಡುತ್ತದೆ. ಪರದೆಯ ಮೇಲೆ ಸೆಕೆಂಡಿಗೆ ಮೂರರಂತೆ ಚೂಪು ಮೊನೆಯ ದೊಡ್ಡ ಅಲೆಗಳು ಸಾಲುಗಟ್ಟುತ್ತವೆ. ಆ ಕ್ಷಣ ಅವಳು ಮಾತಿಗೆ ಓಗೊಟ್ಟಳೇ, ರೆಪ್ಪೆ ಅದುರಿತೇ ಎಂದು ನೋಡಿ ಬರೆದಿಡಬೇಕಾದವರು ತಂತ್ರಜ್ಞರೇ. ವೈದ್ಯರು ಆ ಹೊತ್ತಿನಲ್ಲಿ ಅಲ್ಲಿರುವುದಿಲ್ಲ. ಅವರು ಓದುವುದು ದಾಖಲೆಯನ್ನು.

ಈ ಕೆಲಸದ ತೂಕ ಇರುವುದು ಇಲ್ಲಿಯೇ. ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ, ಎಂಜಲು ನುಂಗಿದರೆ ಅಲೆ ಬರುತ್ತದೆ. ಎದೆಬಡಿತ ನುಸುಳುತ್ತದೆ. ಗೋಡೆಯ ಪ್ಲಗ್ಗಿನ 50 ಹರ್ಟ್ಸ್ ವಿದ್ಯುತ್ತೂ ಸೇರಿಕೊಳ್ಳುತ್ತದೆ. ಸಡಿಲವಾದ ಎಲೆಕ್ಟ್ರೋಡು ರೋಗದ ಮೊನೆಯನ್ನೇ ಅಣಕಿಸಬಲ್ಲದು. ಅದನ್ನು ಅಲ್ಲೇ ಗುರುತಿಸಿ ಸರಿಪಡಿಸದಿದ್ದರೆ ರೋಗವಿಲ್ಲದ ಮಗು ವರ್ಷಗಟ್ಟಲೆ ಮಾತ್ರೆ ನುಂಗುವ ಅಪಾಯವಿದೆ. ನಮ್ಮ ಸಮಾಜದಲ್ಲಿ ಮೂರ್ಛೆರೋಗದ ಹಣೆಪಟ್ಟಿ ಸಣ್ಣದಲ್ಲ. ಪದೇ ಪದೇ ಬರುವ ಮೂರ್ಛೆಯನ್ನು ಹಿಂದೂ ವಿವಾಹ ಕಾಯ್ದೆಯೇ ಮದುವೆಗೆ ಅಡ್ಡಿ ಎಂದು ಎಣಿಸುತ್ತಿತ್ತು. ಆ ಮಾತನ್ನು ತೆಗೆದದ್ದು 1999ರ ತಿದ್ದುಪಡಿಯಲ್ಲಿ. ಕಾನೂನು ಬದಲಾದಷ್ಟು ಬೇಗ ಜನ ಬದಲಾಗಿಲ್ಲ.

ಹಾಗೆಂದು ಇಇಜಿ ಸರಿಯಾಗಿದ್ದರೆ ರೋಗವಿಲ್ಲ ಎಂದೂ ಅಲ್ಲ. ಅರ್ಧ ತಾಸಿನ ದಾಖಲೆಯಲ್ಲಿ ಏನೂ ಸಿಗದಿರಬಹುದು. ಆಗ ರಾತ್ರಿ ನಿದ್ದೆಗೆಡಿಸಿ ಮತ್ತೆ ಕರೆಸುತ್ತಾರೆ, ಏಕೆಂದರೆ ಮಂಪರಿನಲ್ಲಿ ಅಡಗಿದ್ದ ಅಲೆಗಳು ಹೊರಬೀಳುವುದುಂಟು. ಇನ್ನೊಂದು ಮಾತು: ಇಇಜಿಯಲ್ಲಿ ತಲೆಗೆ ಕರೆಂಟು ಕೊಡುವುದಿಲ್ಲ, ಬರುವುದನ್ನು ಹಿಡಿಯುವುದಷ್ಟೇ. ಮನಸ್ಸಿನಲ್ಲಿರುವ ಯೋಚನೆಯೂ ಅದರಲ್ಲಿ ಕಾಣದು. ಪರೀಕ್ಷೆಗೆ ಮುಂಚೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವ ಪೋಷಕರಿದ್ದಾರೆ. ವೈದ್ಯರು ಹೇಳದೆ ಹಾಗೆ ಮಾಡುವುದು ಅಪಾಯ.

ಕರೆಂಟು ಕೊಡುವ ಪರೀಕ್ಷೆ ಬೇರೆಯೇ ಇದೆ. ನರದ ವೇಗ ಅಳೆಯಲು ಕೈಗೆ, ಕಾಲಿಗೆ ಸಣ್ಣ ಚುರುಕು ಮುಟ್ಟಿಸುತ್ತಾರೆ. ಲೆಕ್ಕ ಹೈಸ್ಕೂಲಿನದು. ಮೊಣಕೈಯಿಂದ ಮಣಿಕಟ್ಟಿಗೆ 20 ಸೆಂಟಿಮೀಟರ್ ದೂರವನ್ನು ಸಂದೇಶ 4 ಮಿಲಿಸೆಕೆಂಡಿನಲ್ಲಿ ದಾಟಿದರೆ ವೇಗ ಸೆಕೆಂಡಿಗೆ 50 ಮೀಟರ್. ಸಕ್ಕರೆ ಕಾಯಿಲೆ, ಕುಷ್ಠ, ಮಣಿಕಟ್ಟಿನಲ್ಲಿ ನರ ಒತ್ತುವುದು, ಗೀಲನ್-ಬಾರೆ ರೋಗ ಇವುಗಳಲ್ಲಿ ನರಕ್ಕೆ ಎಷ್ಟು ಪೆಟ್ಟಾಗಿದೆ ಎಂಬುದು ಇದರಿಂದ ತಿಳಿಯುತ್ತದೆ. ಚಳಿಗೆ ಕೈ ತಣ್ಣಗಾಗಿದ್ದರೆ ಮಾತ್ರ ಎಚ್ಚರ. ಒಂದು ಡಿಗ್ರಿ ಇಳಿದರೆ ವೇಗ ಸುಮಾರು 2 ಮೀಟರ್ ತಗ್ಗುತ್ತದೆ, ಆರೋಗ್ಯವಂತನೂ ರೋಗಿಯಾಗಿ ಕಾಣುತ್ತಾನೆ. ಕೈ ಬೆಚ್ಚಗೆ ಮಾಡಿ ಅಳೆಯುವವರೇ ಸರಿಯಾದ ತಂತ್ರಜ್ಞರು.

ಎಳೆಗೂಸಿಗೆ ಕಿವಿ ಕೇಳಿಸುತ್ತಿದೆಯೇ ಎಂದು ಮಿದುಳಿನ ಅಲೆಯಿಂದಲೇ ತಿಳಿಯುವುದು, ನಿದ್ರೆಯ ಪ್ರಯೋಗಾಲಯ, ಬೆನ್ನುಹುರಿಯ ಶಸ್ತ್ರಚಿಕಿತ್ಸೆ ನಡೆಯುವಾಗ ನರಕ್ಕೆ ಪೆಟ್ಟಾಗದಂತೆ ಕಾಯುವುದು, ಹೀಗೆ ಕೆಲಸದ ಜಾಗಗಳು ಹಲವು. ಪ್ರಜ್ಞೆ ತಪ್ಪಿ ತೀವ್ರ ನಿಗಾ ಘಟಕದಲ್ಲಿ ಮಲಗಿದವರಲ್ಲಿ ಕೆಲವರಿಗೆ ಮೈ ಅಲುಗದೆಯೇ ಒಳಗೆ ಮೂರ್ಛೆ ನಡೆಯುತ್ತಿರುತ್ತದೆ. ಇಇಜಿ ಇಲ್ಲದೆ ಅದು ಖಚಿತವಾಗದು. ಆದ್ದರಿಂದ ರಾತ್ರಿ ಕರೆ ಬಂದರೂ ಹೋಗಬೇಕು.

ಹಟಮಾಡುವ ಮಗುವನ್ನು ಒಲಿಸುವ ತಾಳ್ಮೆಯೂ, ಬಾಯಿಗೆ ಬೀಗವೂ ಇಲ್ಲದವರಿಗೆ ಈ ಕೆಲಸ ಹೇಳಿದ್ದಲ್ಲ. 'ಏನು ಬಂತು ಸಾರ್?' ಎಂದು ತಾಯಿ ಕೇಳಿದಾಗ 'ಡಾಕ್ಟ್ರು ನೋಡಿ ಹೇಳ್ತಾರಮ್ಮ' ಎನ್ನಬೇಕೇ ಹೊರತು ಮುಖದಲ್ಲಿಯೂ ಏನನ್ನೂ ತೋರಿಸಬಾರದು. ವರದಿ ಬರೆಯುವ ಅಧಿಕಾರ ವೈದ್ಯರದು.

ಓದಿಗೆ ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲಿ ಜೀವಶಾಸ್ತ್ರ ಬೇಕು. ಭೌತಶಾಸ್ತ್ರದ ವಿದ್ಯುತ್ ಪಾಠ ಕಂಠಪಾಠವಾಗಿದ್ದರೆ ಸಾಲದು, ಅರ್ಥವಾಗಿರಬೇಕು. ಬೆಂಗಳೂರಿನ ನಿಮ್ಹಾನ್ಸ್ ಈ ವಿಷಯದಲ್ಲಿ ಬಹುಕಾಲದಿಂದ ತರಬೇತಿ ಕೊಡುತ್ತ ಬಂದಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ನ್ಯೂರೋಸೈನ್ಸ್ ಟೆಕ್ನಾಲಜಿಯ ಬಿ.ಎಸ್ಸಿ. ಇದೆ. 2021ರಲ್ಲಿ ಬಂದ ಸಹಾಯಕ ಆರೋಗ್ಯ ವೃತ್ತಿಪರರ ಕಾಯ್ದೆಯ ಪಟ್ಟಿಯಲ್ಲಿ ಇಇಜಿ ತಂತ್ರಜ್ಞರ ಹೆಸರೂ ಸೇರಿದೆ. ಪ್ರವೇಶದ ನಿಯಮ ಬದಲಾಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆ ನೋಡಿಯೇ ಅರ್ಜಿ ಹಾಕಬೇಕು. ಕಾಲೇಜು ಆರಿಸುವ ಮೊದಲು ಅದರ ಆಸ್ಪತ್ರೆಯಲ್ಲಿ ನರರೋಗ ವಿಭಾಗ ನಿಜವಾಗಿ ನಡೆಯುತ್ತಿದೆಯೇ, ದಿನಕ್ಕೆ ಎಷ್ಟು ಇಇಜಿ ಆಗುತ್ತವೆ ಎಂದು ತಂದೆತಾಯಿ ಹೋಗಿ ವಿಚಾರಿಸಿ ಬರುವುದು ಒಳ್ಳೆಯದು.