ಮಧುಮೇಹಿ ಗಂಡಸರಲ್ಲಿ ಕುಸಿಯುವ ಟೆಸ್ಟೋಸ್ಟೆರಾನ್, ಕೊಬ್ಬು ತುಂಬುವ ಲಿವರ್

ಟೈಪ್ 2 ಮಧುಮೇಹವಿರುವ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಕಡಿಮೆಯಾಗಿರುವುದು ಅಪರೂಪವೇನಲ್ಲ. ಅಮೆರಿಕದ ಬಫಲೋದಲ್ಲಿ ಸಂದೀಪ್ ಧಿಂಡ್ಸಾ, ಪರೇಶ್ ದಂಡೋನಾ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಈ ಕೊರತೆಯಿತ್ತು. ಇಂಥವರ ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಸಾಲೂ ಅನೇಕ ಸಲ ಇರುತ್ತದೆ. ಎರಡನ್ನೂ ಬೇರೆ ಬೇರೆ ಕಾಯಿಲೆಗಳಂತೆ ನೋಡುವುದು ಸರಿಯಲ್ಲ.

ಬೊಜ್ಜಿನಲ್ಲಿರುವ ಅರೊಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟೆರಾನನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ವೃಷಣಗಳನ್ನು ಪ್ರಚೋದಿಸಬೇಕಾದ ಮಿದುಳಿನ ಸಂಕೇತವೂ ಮಂದವಾಗುತ್ತದೆ. ಹಾರ್ಮೋನು ಇಳಿದಂತೆ ಸ್ನಾಯು ಕರಗಿ ಹೊಟ್ಟೆಯೊಳಗೆ ಕೊಬ್ಬು ಬೆಳೆಯುತ್ತದೆ. ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಬಳಸುವುದು ಸ್ನಾಯುವೇ ಆದ್ದರಿಂದ ಇನ್ಸುಲಿನ್ ಪ್ರತಿರೋಧ ಏರಿ, ಲಿವರಿಗೆ ಮತ್ತಷ್ಟು ಕೊಬ್ಬು ಸೇರುತ್ತದೆ. ಯಾವುದು ಮೊದಲು ಎಂದು ಒಬ್ಬ ರೋಗಿಯಲ್ಲಿ ಬೇರ್ಪಡಿಸಿ ಹೇಳುವುದು ಕಷ್ಟ.

ಲ್ಯಾಬ್ ವರದಿ ಓದುವಾಗ ಎಚ್ಚರ ಬೇಕು. ರಕ್ತದಲ್ಲಿ ಟೆಸ್ಟೋಸ್ಟೆರಾನನ್ನು ಹೊತ್ತೊಯ್ಯುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ತಯಾರಾಗುವುದು ಲಿವರಿನಲ್ಲಿ. ಲಿವರಿಗೆ ಕೊಬ್ಬು ತುಂಬಿದಾಗ ಅದರ ತಯಾರಿಕೆ ಕುಗ್ಗುತ್ತದೆ. ಆಗ ಒಟ್ಟು ಟೆಸ್ಟೋಸ್ಟೆರಾನ್ ಕಡಿಮೆ ತೋರಿಸಿದರೂ, ದೇಹಕ್ಕೆ ಒದಗುವ ಮುಕ್ತ ಟೆಸ್ಟೋಸ್ಟೆರಾನ್ ಸಾಕಷ್ಟೇ ಇರಬಹುದು. ಆದ್ದರಿಂದ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ರಕ್ತ ಕೊಡಬೇಕು. ಎಸ್‌ಎಚ್‌ಬಿಜಿಯನ್ನೂ ಅಳೆಯಿಸಿ ಮುಕ್ತ ಪ್ರಮಾಣವನ್ನು ಲೆಕ್ಕ ಹಾಕಬೇಕು.

ಲಿವರಿನ ವಿಷಯದಲ್ಲಿ ನಿಜವಾಗಿ ಭಯಪಡಬೇಕಾದದ್ದು ಕೊಬ್ಬಿಗಿಂತ ಅದು ಗಾಯಗೊಳಿಸಿ ಉಳಿಸುವ ನಾರಿನಂಥ ಕಲೆಗೆ. ಈ ಕಲೆಯ ಸಾಧ್ಯತೆಯನ್ನು ಅಂದಾಜಿಸಲು ವಯಸ್ಸು, ರಕ್ತದಲ್ಲಿನ ಎಎಸ್‌ಟಿ ಮತ್ತು ಎಎಲ್‌ಟಿ ಎಂಬ ಲಿವರ್ ಕಿಣ್ವಗಳು, ಪ್ಲೇಟ್‌ಲೆಟ್ ಇಷ್ಟರಿಂದಲೇ ಲೆಕ್ಕ ಹಾಕುವ ಫಿಬ್-4 ಅಂಕ 1.3 ದಾಟಿದರೆ, ಲಿವರಿನ ಬಿಗಿತ ಅಳೆಯುವ ಫೈಬ್ರೋಸ್ಕ್ಯಾನಿನಂಥ ಮುಂದಿನ ತಪಾಸಣೆ ಬೇಕಾಗುತ್ತದೆ. ಇಷ್ಟು ಅಗ್ಗದ ಲೆಕ್ಕವನ್ನು ಯಾವ ಮಧುಮೇಹಿಗೂ ತಪ್ಪಿಸಬಾರದು.

ಮೊದಲ ಚಿಕಿತ್ಸೆ ತೂಕ ಇಳಿಸುವುದೇ. ದೇಹತೂಕದ ಶೇ 5ರಷ್ಟು ಇಳಿದರೆ ಲಿವರಿನ ಕೊಬ್ಬು ತಗ್ಗುತ್ತದೆ. ಶೇ 7ರಿಂದ 10 ಇಳಿದರೆ ಉರಿಯೂತವೂ ಶಮನವಾಗಬಲ್ಲದು. ತೂಕ ಇಳಿದಂತೆ ಟೆಸ್ಟೋಸ್ಟೆರಾನ್ ತಾನಾಗಿಯೇ ಏರುತ್ತದೆ.

ಟೆಸ್ಟೋಸ್ಟೆರಾನ್ ಇಂಜೆಕ್ಷನ್ನಿಗೆ ಫ್ಯಾಟಿ ಲಿವರಿನ ಔಷಧವೆಂಬ ಮಾನ್ಯತೆ ಇಲ್ಲ. ಮಧುಮೇಹದ ಅಂಚಿನಲ್ಲಿದ್ದ ಅಥವಾ ಹೊಸದಾಗಿ ಮಧುಮೇಹ ಪತ್ತೆಯಾದ 1,007 ಗಂಡಸರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೂಕ ಇಳಿಸುವ ಕಾರ್ಯಕ್ರಮದ ಜತೆ ಇಂಜೆಕ್ಷನ್ ಪಡೆದವರಲ್ಲಿ ಎರಡು ವರ್ಷದ ಬಳಿಕ ಶೇ 12 ಮಂದಿಗೆ ಮಧುಮೇಹವಿತ್ತು; ಹುಸಿಮದ್ದು ಪಡೆದವರಲ್ಲಿ ಶೇ 21. ಆದರೆ ಇಂಜೆಕ್ಷನ್ ಪಡೆದ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ರಕ್ತ ಮಿತಿಮೀರಿ ಗಟ್ಟಿಯಾಗಿತ್ತು. ಹೊರಗಿನಿಂದ ಕೊಡುವ ಟೆಸ್ಟೋಸ್ಟೆರಾನ್ ವೀರ್ಯಾಣುಗಳ ಉತ್ಪತ್ತಿಯನ್ನೂ ತಡೆಯುವುದರಿಂದ, ಮಕ್ಕಳು ಬೇಕೆನ್ನುವವರಿಗೆ ಅದನ್ನು ಕೊಡುವುದಿಲ್ಲ.